ಇಳಕಲ್ ಬಣ್ಣದ ನೀರಿಗೆ ಚಿಪ್ಪಣಬೆಯ ಕಿಣ್ವ: ಐದನೆಯ ವಾರ

ಇಳಕಲ್‌ನಲ್ಲಿ ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿಯುವ ನೀರಿನ ಬಣ್ಣವನ್ನು ಚಿಪ್ಪಣಬೆಯ ಲ್ಯಾಕೇಸ್ ಎಂಬ ಕಿಣ್ವದಿಂದ ಒಡೆಯುವ ಪ್ರಯೋಗ ಇದು. ಹೋದ ವಾರ ನಿಂತದ್ದು ಇಲ್ಲಿ: ಪುಡಿ ಬಣ್ಣ ಕರಗಿಸಿ ಮಾಡಿದ ನೀಲಿ ನೀರು ಒಂದೇ ರಾತ್ರಿಯಲ್ಲಿ ತಿಳಿಯಾಯಿತು, ನೂಲು ಅದ್ದುವ ತೊಟ್ಟಿಯಿಂದ ತಂದ ನೀರು ಮೂರು ದಿನವಾದರೂ ಜಪ್ಪೆನ್ನಲಿಲ್ಲ. ಈ ವಾರದ ಕೆಲಸವೆಲ್ಲ ಅದರ ಕಾರಣ ಹುಡುಕುವುದೇ.

ಕಿಣ್ವ ತೆಗೆಯುವ ರೀತಿ ಮೊದಲಿನದೇ. ಎರಡು ಬೆಳೆ ಕೊಟ್ಟು ಮುಗಿದ ಅಣಬೆ ಚೀಲದ ಜೋಳದ ಕಣಕಿ 200 ಗ್ರಾಂ. ಹಸಿರು ಬೂಷ್ಟು ಹಿಡಿದ ಭಾಗ ಕತ್ತರಿಸಿ ಎಸೆಯಬೇಕು. ಉಳಿದದ್ದನ್ನು ಕೈಯಲ್ಲೇ ಪುಡಿ ಮಾಡಿ 1 ಲೀಟರ್ ತಣ್ಣೀರಿನಲ್ಲಿ 1 ಗಂಟೆ ನೆನೆಸಿ, ಪಂಚೆ ಬಟ್ಟೆಯಲ್ಲಿ ಹಿಂಡಿ, ಬಂದ ಕಷಾಯವನ್ನು ಫ್ರಿಜ್ಜಿನಲ್ಲಿಡುವುದು. ಮಿಕ್ಸರ್ ಬೇಡ, ಬಿಸಿ ಮತ್ತು ನೊರೆ ಎರಡೂ ಕಿಣ್ವ ಕೆಡಿಸುತ್ತವೆ. 100 ಮಿ.ಲೀ. ನೀರಿಗೆ 0.11 ಮಿ.ಲೀ. ಗ್ವಾಯಕಾಲ್ (ಲ್ಯಾಕೇಸ್ ತಾಗಿದರೆ ಬಣ್ಣಕ್ಕೆ ತಿರುಗುವ ರಾಸಾಯನಿಕ) ಬೆರೆಸಿ, ಪಿಎಚ್ 4.5ಕ್ಕೆ ತಂದು, ಈ ಕಷಾಯದ ಕೆಲವು ಹನಿ ಬಿಟ್ಟಾಗ ಕೆಂಗಂದು ಬಣ್ಣ ಬಂದರೆ ಲ್ಯಾಕೇಸ್ ಇದೆ ಎಂದರ್ಥ. ಬೋರ್ ನೀರು ಬಳಸಬೇಡಿ: ಜಿಲ್ಲೆಯ ಹಲವೆಡೆ ಅದರಲ್ಲಿ ಫ್ಲೋರೈಡ್ ಇದೆ, ಲ್ಯಾಕೇಸ್‌ಗೆ ಅದು ಆಗಿಬರುವುದಿಲ್ಲ. ಮಳೆನೀರು ಅಥವಾ ಡಿಸ್ಟಿಲ್ಡ್ ನೀರೇ ಆಗಬೇಕು.

ತೊಟ್ಟಿ ನೀರಿನ ಕಥೆಯೂ ಹೆಚ್ಚುಕಡಿಮೆ ಇದೇ. ರಿಯಾಕ್ಟಿವ್ ಬಣ್ಣ (ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ) ಹತ್ತಿಗೆ ಹಿಡಿಯಲು ಲೀಟರಿಗೆ 50 ಗ್ರಾಂನಷ್ಟು ಉಪ್ಪು, 20 ಗ್ರಾಂನಷ್ಟು ಸೋಡಾ ಆಶ್ ಎಂಬ ಕ್ಷಾರ ಹಾಕುತ್ತಾರೆ. ಲ್ಯಾಕೇಸ್ ಕೆಲಸ ಮಾಡುವುದು ತನ್ನೊಳಗಿನ ನಾಲ್ಕು ತಾಮ್ರದ ಪರಮಾಣುಗಳಿಂದ. ಉಪ್ಪಿನ ಕ್ಲೋರೈಡ್ ಹೋಗಿ ಅಲ್ಲೇ ಅಡ್ಡ ಕೂಡುತ್ತದೆ, ಕ್ಷಾರವೂ ಅಷ್ಟೇ. ಕ್ಷಾರ ಇಳಿಸಲು ಸಿಟ್ರಿಕ್ ಆಸಿಡ್ ಹಾಕಿದರೆ ನೊರೆ ಉಕ್ಕಿ ಪಾತ್ರೆಯ ಹೊರಗೆ! ಲೀಟರಿಗೆ 50 ಗ್ರಾಂಗೂ ಹೆಚ್ಚು ಬೇಕು, ಖರ್ಚು ಗಿಟ್ಟದ ಮಾತು. ಹೈಡ್ರೋಕ್ಲೋರಿಕ್ ಆಸಿಡ್ ಅಗ್ಗ, ಆದರೆ ಕ್ಲೋರೈಡನ್ನೇ ಮತ್ತೆ ಸುರಿದಂತೆ. ಪಿಎಚ್ 4.5ಕ್ಕೆ ಇಳಿದ ಮೇಲೂ ಬಣ್ಣ ಹಾಗೇ ಇತ್ತು: ಉಪ್ಪು ಎಲ್ಲಿಗೆ ಹೋದೀತು? ಇಪ್ಪತ್ತು ಪಟ್ಟು ನೀರು ಬೆರೆಸಿದರೆ ತಿಳಿಯಾಗುತ್ತದೆ, ಹೌದು. ಅದು ನೀರಿನ ಪ್ರತಾಪ, ಕಿಣ್ವದ್ದಲ್ಲ.

ಹಾಗಾಗಿ ತೊಟ್ಟಿಯ ನೀರನ್ನು ಕೈಬಿಟ್ಟಾಯಿತು. ಲಡಿಗಳನ್ನು ಮೂರನೆಯ, ನಾಲ್ಕನೆಯ ಸಲ ಜಾಲಿಸಿದ ನೀರಿನಲ್ಲಿ ಬಣ್ಣ ಸಾಕಷ್ಟಿದೆ, ಉಪ್ಪು ಕಡಿಮೆ. ಅಂಥ ನೀರು 500 ಮಿ.ಲೀ., ಪಿಎಚ್ 4.5, ಕಷಾಯ 50 ಮಿ.ಲೀ. ಕಿಣ್ವಕ್ಕೆ ಆಮ್ಲಜನಕ ಬೇಕಾದ್ದರಿಂದ ಸೀಸೆಯ ಬದಲು ಅಗಲವಾದ ತಟ್ಟೆ, ಮೇಲೊಂದು ಬಟ್ಟೆ. ಆಂಥ್ರಾಕ್ವಿನೋನ್ ಜಾತಿಯ ರಿಯಾಕ್ಟಿವ್ ಬ್ಲೂ 19 ಮರುದಿನಕ್ಕೆ ತೆಳು ಚಹಾದ ಬಣ್ಣಕ್ಕೆ ಬಂತು. ಅಜೋ ಜಾತಿಯ ರಿಯಾಕ್ಟಿವ್ ಬ್ಲ್ಯಾಕ್ 5 ಮೊಂಡು. ಲೀಟರಿಗೆ 135 ಮಿ.ಗ್ರಾಂ ಎಚ್‌ಬಿಟಿ (ಕಿಣ್ವಕ್ಕೂ ಬಣ್ಣಕ್ಕೂ ನಡುವೆ ಮಧ್ಯವರ್ತಿಯಾಗುವ ರಾಸಾಯನಿಕ) ಸೇರಿಸಿದ ಮೇಲಷ್ಟೇ ಕದಲಿತು. ಎಚ್‌ಬಿಟಿ ಹೆಚ್ಚಾದರೆ ಕಿಣ್ವವನ್ನೇ ಕೊಲ್ಲುತ್ತದೆ. ಚರಂಡಿಗೆ ಹೋಗುವ ನೀರಿಗೆ ಅದನ್ನು ಹಾಕುವುದು ನಮಗಂತೂ ಒಪ್ಪಿಗೆಯಿಲ್ಲ.

ಮೋಸ ಹೋಗುವ ಜಾಗಗಳು ಎರಡು. ಕಷಾಯದಲ್ಲಿ ಕಣಕಿಯ ಚೂರು, ಅಣಬೆಯ ಬಿಳಿ ಎಳೆ ಉಳಿದರೆ ಅವು ಬಣ್ಣವನ್ನು ಹೀರಿಕೊಂಡು ಕೂಡುತ್ತವೆ, ಬಣ್ಣ ಒಡೆದಿರುವುದಿಲ್ಲ. ಅದಕ್ಕೇ ಪ್ರತಿ ಸಲ 10 ನಿಮಿಷ ಕುದಿಸಿ ಕಿಣ್ವ ಕೆಡಿಸಿದ ಕಷಾಯ ಹಾಕಿದ ಇನ್ನೊಂದು ತಟ್ಟೆ ಪಕ್ಕದಲ್ಲಿರಬೇಕು. ಇನ್ನು ವ್ಯಾಟ್ ಬಣ್ಣದ (ನೀರಿನಲ್ಲಿ ತಾನಾಗಿ ಕರಗದ ಬಣ್ಣ) ನೀರಿನಲ್ಲಿ ಉಳಿದ ಹೈಡ್ರೋಸ್ (ಆ ಬಣ್ಣ ಕರಗಿಸಲು ಹಾಕುವ ಪುಡಿ) ತಾನೇ ಬಣ್ಣ ಬದಲಿಸಿಬಿಡುತ್ತದೆ, ಗಾಳಿ ತಾಗಿದೊಡನೆ ಮೂಲ ಬಣ್ಣ ಮರಳುತ್ತದೆ. ಅಕ್ವೇರಿಯಂ ಪಂಪಿನಿಂದ ಒಂದು ರಾತ್ರಿ ಗಾಳಿ ಊದಿಯೇ ಕಷಾಯ ಹಾಕಬೇಕು.

ಮುಂದಿನ ವಾರ ತಿಳಿಯಾದ ನೀರಿನಲ್ಲಿ 25 ಜೋಳದ ಬೀಜ, ಕಿಣ್ವ ಕಾಣದ ಬಣ್ಣದ ನೀರಿನಲ್ಲಿ 25, ಬರೀ ಮಳೆನೀರಿನಲ್ಲಿ 25 ಮೊಳಕೆಗಿಡುವುದು. ಮೊದಲು ಮೂರನ್ನೂ ಪಿಎಚ್ 7ಕ್ಕೆ ತರಬೇಕು, ಇಲ್ಲವಾದರೆ ಬೀಜ ಸತ್ತದ್ದು ಹುಳಿಗೋ ಬಣ್ಣಕ್ಕೋ ತಿಳಿಯದು.