ಮೊದಲು ಕಿಟಕಿ, ಆಮೇಲೆ ಪ್ರೊಜೆಕ್ಟರ್

ಕಬ್ಬು ಬೆಳೆಗಾರರಿಗೆ ತರಬೇತಿ ಕೊಡುವ ತಂಡವೊಂದರಲ್ಲಿ ಪ್ರೊಜೆಕ್ಟರ್, ಮೈಕು, ಲ್ಯಾಪ್‌ಟಾಪ್‌ಗಳ ಹೊಣೆ ನನ್ನದು. ಮಂಡ್ಯದಿಂದ ಬೆಳಿಗ್ಗೆ ಹೊರಟು ಪಾಂಡವಪುರ, ಮದ್ದೂರು, ಮಳವಳ್ಳಿ ಕಡೆಯ ಯಾವುದಾದರೂ ಹಳ್ಳಿಯ ಸಮುದಾಯ ಭವನದಲ್ಲಿ ಪರದೆ ನಿಲ್ಲಿಸುತ್ತೇನೆ, ಮಧ್ಯಾಹ್ನ ಬಿಚ್ಚಿಕೊಂಡು ಬರುತ್ತೇನೆ. ಈ ಕೆಲಸ ನನಗೆ ಅರ್ಥವಾದದ್ದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬೇಸಿಗೆಯ ಒಂದು ದಿನ.

ಅಂದಿನ ಪಾಠ ಕೆಂಪು ಕೊಳೆ ರೋಗದ್ದು. ಈ ರೋಗವನ್ನು ಹೊರಗಿನಿಂದ ನೋಡಿ ಖಚಿತವಾಗಿ ಹೇಳುವುದು ಕಷ್ಟ. ಜಲ್ಲೆಯನ್ನು ಉದ್ದಕ್ಕೆ ಸೀಳಬೇಕು. ಒಳಗಿನ ತಿರುಳು ಕೆಂಪಾಗಿರುತ್ತದೆ, ಆ ಕೆಂಪಿನ ನಡುವೆ ಅಡ್ಡಡ್ಡಲಾಗಿ ಬಿಳಿ ಮಚ್ಚೆಗಳಿರುತ್ತವೆ. ಆ ಬಿಳಿ ಮಚ್ಚೆಯೇ ಗುರುತು. ತಿರುಳು ಬೇರೆ ಕಾರಣಕ್ಕೂ ಕೆಂಪಾಗಬಹುದು, ಆದ್ದರಿಂದ ಬರೀ ಕೆಂಪನ್ನು ನೋಡಿ ತೀರ್ಮಾನಿಸುವಂತಿಲ್ಲ. ಕೃಷಿ ಅಧಿಕಾರಿಗಳು ಸೀಳಿದ ಜಲ್ಲೆಯ ಚಿತ್ರವನ್ನು ಪರದೆಯ ಮೇಲೆ ತಂದು ವಿವರಿಸುತ್ತಿದ್ದಾಗ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು ನನ್ನ ಕಡೆ ತಿರುಗಿದರು. ‘ಬಿಳಿ ಎಲ್ಲಿದೆ ತಾಯಿ? ನನಗೆ ಎಲ್ಲವೂ ಕಾಫಿ ಬಣ್ಣವಾಗಿಯೇ ಕಾಣುತ್ತಿದೆ.’

ಅವರು ಹೇಳಿದ್ದು ನಿಜವಾಗಿತ್ತು. ಭವನದ ಎರಡೂ ಬದಿಗೆ ಕಿಟಕಿಗಳು, ಮೇಲೆ ಗಾಳಿಗೂಡುಗಳು, ಗೋಡೆಗೆಲ್ಲ ಬಿಳಿ ಬಣ್ಣ. ಹನ್ನೊಂದು ಗಂಟೆಯ ಬಿಸಿಲು ಒಳಗೆ ಸುರಿಯುತ್ತಿತ್ತು. ಚಿತ್ರ ಮಂಕಾಗಿದೆ ಎಂದು ನಾನು ಮೆನುವಿಗೆ ಹೋಗಿ ಅತ್ಯಂತ ಪ್ರಖರವಾದ ‘ಬ್ರೈಟ್’ ಆಯ್ಕೆಗೆ ಬದಲಾಯಿಸಿದ್ದೆ. ಚಿತ್ರವನ್ನು ಕೆಡಿಸಿದ್ದು ಅದೇ.

ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ನಮ್ಮದು ಪಾದರಸದ ದೀಪವಿರುವ ಪ್ರೊಜೆಕ್ಟರ್. ಈ ದೀಪದ ಬೆಳಕಿನಲ್ಲಿ ಹಸಿರು ಹೆಚ್ಚು, ಕೆಂಪು ಕಡಿಮೆ. ಸಾಮಾನ್ಯ ಆಯ್ಕೆಗಳಲ್ಲಿ ಯಂತ್ರ ಹಸಿರನ್ನು ತಗ್ಗಿಸಿ ಬಣ್ಣಗಳನ್ನು ಸರಿದೂಗಿಸುತ್ತದೆ. ‘ಬ್ರೈಟ್’ ಎಂದರೆ ಆ ಸರಿದೂಗಿಸುವಿಕೆಯನ್ನು ಬಿಟ್ಟು, ದೀಪದಲ್ಲಿರುವ ಬೆಳಕನ್ನೆಲ್ಲ ಹೊರಗೆ ಬಿಡುವುದು. ಅಕ್ಷರ ಓದಲು, ಲೆಕ್ಕದ ಕೋಷ್ಟಕ ತೋರಿಸಲು ಅದು ಸಾಕು. ರೋಗದ ಕೆಂಪನ್ನು ತೋರಿಸಲು ಸಾಲದು. ಕೆಂಪು ಕಂದಾಯಿತು, ಬಿಳಿ ಮಚ್ಚೆಗಳು ಗೋಡೆಯ ಬೆಳಕಿನೊಂದಿಗೆ ಬೆರೆತುಹೋದವು. ಐವತ್ತು ಜನ ಗದ್ದೆಯ ಕೆಲಸ ಬಿಟ್ಟು ಬಂದು ಕುಳಿತಿದ್ದರು. ಅವರಿಗೆ ಸಿಗಬೇಕಾಗಿದ್ದ ಒಂದೇ ಒಂದು ಗುರುತು ಸಿಗಲಿಲ್ಲ. ಆ ಬೇಸರ ನನ್ನಲ್ಲಿ ಬಹಳ ದಿನ ಇತ್ತು.

ಬೆಳಕಿನ ಲೆಕ್ಕ ಬಹಳ ಸರಳ. ನಮ್ಮ ಯಂತ್ರದ ಮೇಲೆ 3,200 ಲ್ಯೂಮೆನ್ ಎಂದು ಬರೆದಿದೆ, ಅದು ಹೊರಗೆ ಬರುವ ಒಟ್ಟು ಬೆಳಕಿನ ಅಳತೆ. ಚಿತ್ರ 2 ಮೀಟರ್ ಅಗಲ, 1.25 ಮೀಟರ್ ಎತ್ತರ ಬಂದರೆ ಒಟ್ಟು 2.5 ಚದರ ಮೀಟರ್. ಹಂಚಿ ನೋಡಿದರೆ ಪರದೆಯ ಪ್ರತಿ ಚದರ ಮೀಟರಿಗೆ ಬೀಳುವುದು 1,280 ಲ್ಯೂಮೆನ್, ಅಂದರೆ 1,280 ಲಕ್ಸ್, ಅದೂ ದೀಪ ಹೊಸದಾಗಿದ್ದಾಗ. ಹೊರಗಿನ ನೇರ ಬಿಸಿಲು 1 ಲಕ್ಷ ಲಕ್ಸ್‌ನ ಆಸುಪಾಸು. ಅದರಲ್ಲಿ ಸ್ವಲ್ಪವೇ ಕಿಟಕಿಯಿಂದ ನುಸುಳಿದರೂ ಯಂತ್ರ ಸೋಲುತ್ತದೆ. ಇನ್ನೊಂದು ಮಾತು. ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕತ್ತಲನ್ನು ಚೆಲ್ಲಲಾರದು. ಯಂತ್ರ ಹಾಕುವ ಮೊದಲು ಪರದೆ ಎಷ್ಟು ಬೆಳ್ಳಗೆ ಕಾಣುತ್ತದೆಯೋ, ಚಿತ್ರದಲ್ಲಿನ ಕಪ್ಪು ಅದಕ್ಕಿಂತ ಕಪ್ಪಾಗುವುದು ಸಾಧ್ಯವೇ ಇಲ್ಲ.

ಹಾಗಾದರೆ ಸಂಜೆ ಕಾರ್ಯಕ್ರಮ ಇಟ್ಟುಕೊಳ್ಳಬಹುದಲ್ಲ ಎಂದು ಕಚೇರಿಯಲ್ಲಿ ಕೇಳುತ್ತಾರೆ. ಸಂಜೆ ಹಾಲು ಕರೆದು ಡೇರಿಗೆ ಹಾಕುವ ಹೊತ್ತು, ಹೆಂಗಸರು ಯಾರೂ ಬರಲಾರರು. ನಾಲೆಯಲ್ಲಿ ಕಟ್ಟು ನೀರು, ಅಂದರೆ ಸರದಿಯ ನೀರು, ಬಿಟ್ಟ ವಾರವಂತೂ ಯಾರಿಗೆ ಯಾವಾಗ ಬಿಡುವೆಂದು ಹೇಳಲಾಗದು. ಜನ ಬರುವುದು ಹಗಲಿನಲ್ಲಿ, ಆದ್ದರಿಂದ ಹಗಲಿನಲ್ಲೇ ಕತ್ತಲು ಮಾಡಿಕೊಳ್ಳಬೇಕು.

ಈಗ ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ತಲುಪುತ್ತೇನೆ. ಯಂತ್ರದ ಚೀಲ ತೆರೆಯುವುದಿಲ್ಲ. ಭವನದ ನಡುವೆ ನಿಂತು ಬಿಸಿಲು ಎಲ್ಲಿಂದ ಬರುತ್ತಿದೆ, ಇನ್ನೊಂದು ಗಂಟೆಗೆ ಎಲ್ಲಿಗೆ ಸರಿಯುತ್ತದೆ ಎಂದು ನೋಡುತ್ತೇನೆ. ಪರದೆಯನ್ನು ಕಿಟಕಿಗೆ ಎದುರಾಗಿ ಎಂದೂ ನಿಲ್ಲಿಸುವುದಿಲ್ಲ, ಬೆಳಕು ಅದರ ಹಿಂದಿನಿಂದಲೋ ಪಕ್ಕದಿಂದಲೋ ಬರಲಿ. ನನ್ನ ಬಳಿ ದಪ್ಪನೆಯ ಕಪ್ಪು ಬಟ್ಟೆಯ ತುಂಡುಗಳು, ಸೆಣಬಿನ ದಾರ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಯಾವಾಗಲೂ ಇರುತ್ತವೆ. ಪರದೆಗೆ ಹತ್ತಿರದ ಕಿಟಕಿಗಳನ್ನು ಮುಚ್ಚಿದರೆ ಸಾಕು, ಹಿಂದಿನವು ಗಾಳಿಗೆ ತೆರೆದಿರಲಿ. ಎಲ್ಲವನ್ನೂ ಮುಚ್ಚಿದರೆ ಬೇಸಿಗೆಯಲ್ಲಿ ಜನ ಬೇಯುತ್ತಾರೆ. ಶಾಮಿಯಾನದ ಬಣ್ಣದ ಬಟ್ಟೆ ಮಾತ್ರ ಬೇಡ, ಅದರ ಮೂಲಕ ಬಂದ ಬೆಳಕಿಗೂ ಅದೇ ಬಣ್ಣ ಹತ್ತುತ್ತದೆ.

ದೂರದ ವಿಷಯದಲ್ಲೂ ಜನರಿಗೆ ಒಂದು ಆಸೆ, ಚಿತ್ರ ದೊಡ್ಡದಾಗಿರಲಿ ಎಂದು. ನಮ್ಮ ಯಂತ್ರಕ್ಕೆ ಚಿತ್ರದ ಅಗಲದ ಒಂದೂವರೆ ಪಟ್ಟು ದೂರ ಬೇಕು, ಅಂದರೆ 2 ಮೀಟರ್ ಅಗಲಕ್ಕೆ 3 ಮೀಟರ್. ಅದನ್ನು 6 ಮೀಟರಿಗೆ ಒಯ್ದರೆ ಅಗಲ 4 ಮೀಟರ್ ಆಗುತ್ತದೆ, ಆದರೆ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡಿ ಕಾಲುಭಾಗ ಉಳಿಯುತ್ತದೆ. ಚಿಕ್ಕದಾದರೂ ಗಟ್ಟಿಯಾದ ಚಿತ್ರವನ್ನೇ ನಾನು ಆರಿಸುತ್ತೇನೆ, ಜನರನ್ನು ಹತ್ತಿರಕ್ಕೆ ಕರೆದು ಕೂರಿಸುತ್ತೇನೆ.

ಯಂತ್ರವನ್ನು ಕೆಳಗಿಟ್ಟು ಮೂತಿ ಮೇಲೆತ್ತಿದರೆ ಚಿತ್ರದ ಮೇಲ್ಭಾಗ ಅಗಲವಾಗುತ್ತದೆ. ಅದನ್ನು ನೇರ ಮಾಡಲು ಕೀಸ್ಟೋನ್ ಎಂಬ ಗುಂಡಿ ಇದೆ, ಎಲ್ಲರೂ ಮೊದಲು ಒತ್ತುವುದೇ ಅದನ್ನು. ಅದು ಚಿತ್ರವನ್ನು ಒಳಗೇ ಹಿಂಡಿ ಚೌಕ ಮಾಡುತ್ತದೆ, ಹಿಂಡುವಾಗ ಅಂಚಿನ ಚುಕ್ಕೆಗಳು ನಷ್ಟವಾಗುತ್ತವೆ. ಇಂಗ್ಲಿಷಿಗೆ ಇದು ಅಷ್ಟು ತಟ್ಟುವುದಿಲ್ಲ. ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೆ ಒತ್ತು ಇದೆ, ಅದು ಚಿಕ್ಕದು, ಮೊದಲು ಕದಡುವುದು ಅದೇ. ಹಿಂದಿನ ಚಾಪೆಯಲ್ಲಿ ಕುಳಿತವರಿಗೆ ‘ಸತ್ತ’ ಮತ್ತು ‘ಸತ್ವ’ ಬೇರೆಯಾಗಿ ಕಾಣಬೇಕು. ಆದ್ದರಿಂದ ಮೇಜಿನ ಮೇಲೆ ಮೇಜಿಟ್ಟಾದರೂ ಯಂತ್ರವನ್ನು ಮಟ್ಟವಾಗಿ, ಪರದೆಗೆ ನೇರವಾಗಿ ನಿಲ್ಲಿಸಿ, ಗುಂಡಿಯನ್ನು ಸೊನ್ನೆಯಲ್ಲೇ ಬಿಡಿ. ಚಿತ್ರ ಸಿದ್ಧವಾದ ಮೇಲೆ ಕೊನೆಯ ಚಾಪೆಗೆ ಹೋಗಿ ಕುಳಿತು ಓದಿ ನೋಡುತ್ತೇನೆ. ಅಲ್ಲಿ ಸಾಮಾನ್ಯವಾಗಿ ಹೆಂಗಸರೇ ಕೂರುತ್ತಾರೆ, ಕಾಣದಿದ್ದರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಕ್ಷರದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಮೈಸೂರಿನಿಂದ ಬಂದ ತಜ್ಞರೊಬ್ಬರ ಪೆನ್‌ಡ್ರೈವ್ ತೆರೆದಾಗ ಇಡೀ ಪಾಠ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಂತು. ಅವರು ಬಳಸಿದ್ದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಅದು ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಈಗ ಹಿಂದಿನ ದಿನವೇ ಕರೆ ಮಾಡಿ ಪಿಡಿಎಫ್ ಮಾಡಿ ಕಳುಹಿಸಲು ಕೇಳಿಕೊಳ್ಳುತ್ತೇನೆ, ಫಾಂಟ್ ಅದರೊಳಗೇ ಅಡಕವಾಗಿ ಬರುತ್ತದೆ. ಕೇಬಲ್ ವಿಷಯ ಎಲ್ಲರಿಗೂ ಗೊತ್ತಿರುವುದೇ: ಎಚ್‌ಡಿಎಂಐ ಒಂದು, ವಿಜಿಎ ಒಂದು, ನಡುವಿನ ಅಡಾಪ್ಟರ್ ಒಂದು ಚೀಲದಲ್ಲಿರಲಿ. ಚಿತ್ರ ಬರದಿದ್ದರೆ ವಿಂಡೋಸ್ ಕೀಲಿಯೊಂದಿಗೆ ಪಿ ಒತ್ತಿ ‘ಡೂಪ್ಲಿಕೇಟ್’ ಆರಿಸಿ.

ಕರೆಂಟಿನ ಬಗ್ಗೆ ಮಾತ್ರ ಎಚ್ಚರ ಬೇಕು. ನಡುವೆ ಕರೆಂಟು ಹೋದರೆ ದೀಪದ ಜೊತೆ ಫ್ಯಾನೂ ನಿಲ್ಲುತ್ತದೆ, ಕಾದ ದೀಪದ ಬಿಸಿ ಒಳಗೇ ಉಳಿಯುತ್ತದೆ. ಕರೆಂಟು ಬಂದ ಕೂಡಲೇ ಗುಂಡಿ ಒತ್ತಿದರೂ ಅದು ಹತ್ತುವುದಿಲ್ಲ, ದೀಪ ತಣಿದು ಒಳಗಿನ ಒತ್ತಡ ಇಳಿಯಬೇಕು. ಇದು ತಿಳಿಯದೆ ಮತ್ತೆ ಮತ್ತೆ ಒತ್ತುವುದನ್ನು ಕಂಡಿದ್ದೇನೆ. ನಾವು ಸಣ್ಣ ಯುಪಿಎಸ್ ಒಂದನ್ನು ಒಯ್ಯುತ್ತೇವೆ. ಅದು ಪಾಠ ಮುಂದುವರಿಸುವುದಕ್ಕಲ್ಲ, ದೀಪ ಆರಿಸಿ ಫ್ಯಾನ್ ತನ್ನ ಕೆಲಸ ಮುಗಿಸುವವರೆಗಿನ ಕೆಲವು ನಿಮಿಷಗಳಿಗೆ.

ಆ ಹಳ್ಳಿಗೆ ಮುಂದಿನ ತಿಂಗಳು ಮತ್ತೆ ಹೋದೆವು, ನಾನೇ ಕೇಳಿಕೊಂಡು. ಎಡಗಡೆಯ ಮೂರು ಕಿಟಕಿಗಳಿಗೆ ಬಟ್ಟೆ ಕಟ್ಟಿದೆ, ಪರದೆಯನ್ನು ಮೂಲೆಗೆ ಸರಿಸಿದೆ, ಬಣ್ಣದ ಆಯ್ಕೆಯನ್ನು ಸಾಮಾನ್ಯಕ್ಕೆ ಇಳಿಸಿದೆ. ಅದೇ ಚಿತ್ರ. ಕೆಂಪಿನ ನಡುವೆ ಬಿಳಿ ಮಚ್ಚೆಗಳು ಹಾಲಿನ ಹನಿಗಳಂತೆ ಎದ್ದು ಕಂಡವು. ಆ ಹಿರಿಯರು ಪರದೆಯ ಹತ್ತಿರ ಬಂದು ಬೆರಳಿಟ್ಟು ನೋಡಿದರು. ಅವರ ಕೈಯ ಮೇಲೂ ಆ ಕೆಂಪು ಬಿತ್ತು. ‘ಸೀಳಿದರೆ ಹುಳಿ ವಾಸನೆ ಬರುತ್ತದಾ?’ ಎಂದು ಅಧಿಕಾರಿಗಳನ್ನು ಕೇಳಿದರು. ಬರುತ್ತದೆ ಎಂದರು ಅಧಿಕಾರಿಗಳು. ‘ಹಾಗಾದರೆ ನಮ್ಮ ಗದ್ದೆಯ ಮೂಲೆಯಲ್ಲಿ ಇದೆ. ಬನ್ನಿ ಸ್ವಾಮಿ’ ಎಂದು ಮಚ್ಚು ತರಲು ಮೊಮ್ಮಗನನ್ನು ಓಡಿಸಿದರು. ಎಲ್ಲರೂ ಅವರ ಹಿಂದೆಯೇ ಹೊರಟರು. ನನಗೂ ಹೋಗಬೇಕೆನಿಸಿತು. ದೀಪ ಆರಿಸಿ, ಖಾಲಿ ಭವನದಲ್ಲಿ ಯಂತ್ರದ ಪಕ್ಕ ನಿಂತು, ಫ್ಯಾನ್ ನಿಲ್ಲುವವರೆಗೆ ಕಾದೆ.