ಸೋದರಮಾವನ ಕ್ರೋಶಾ: ಮಗುವಿನ ಹೊದಿಕೆ ಎಲ್ಲಿಗೆ ಬಂತು

ಸೆಪ್ಟೆಂಬರ್

ತಂಗಿಗೆ ಡಿಸೆಂಬರಿನಲ್ಲಿ ಹೆರಿಗೆ. ಸೋದರಮಾವ ಅಂದಮೇಲೆ ಬೆಳ್ಳಿ ಉಡಿದಾರ, ಬಟ್ಟೆಬರೆ ಇದ್ದದ್ದೇ. ಅದರ ಜೊತೆಗೆ ಕೈಯಾರೆ ಹೆಣೆದ ಹೊದಿಕೆಯೂ ಒಂದಿರಲಿ ಅನ್ನಿಸಿತು. ಕ್ರೋಶಾ ಅಂದರೆ ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯಲ್ಲಿ ಹೆಣೆಯುವುದು. ಆ ಕಡ್ಡಿ ಮುಟ್ಟಿಯೂ ಗೊತ್ತಿಲ್ಲದವನು ನಾನು. ಆದರೆ ನಮ್ಮ ಬೀದಿಯಲ್ಲೇ ಸೀರೆಗೆ ಕುಚ್ಚು ಹಾಕುವ ಅಕ್ಕ ಒಬ್ಬರಿದ್ದಾರೆ. ಮದುವೆ ಕಾಲ ಬಂದರೆ ಅವರ ಜಗಲಿ ತುಂಬ ರೇಷ್ಮೆ ಸೀರೆಯ ಕವರುಗಳು. ಕುಚ್ಚಿಗೂ ಅದೇ ಕಡ್ಡಿ ತಾನೆ ಅಂತ ಹೋಗಿ ಕೇಳಿದೆ.

"ನೀನಾ?" ಅಂತ ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಕಲ್ಕೋ ಬುಡು, ಅದ್ರಲ್ಲೇನದೆ. ರೈಲಲ್ಲಿ ಮೊಬೈಲ್ ಉಜ್ಕಂಡು ಕೂರೋದ್ಕಿಂತ ವಾಸಿ."

ನಾನು ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಹೋಗಿಬರುವವನು. ಹೆಣಿಗೆಗೆ ಸಿಗುವ ಬಿಡುವು ಅದೊಂದೇ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಾದರೆ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೇ ಇರುತ್ತವೆ, ಜಾರಿದರೆ ಕಥೆ ಮುಗಿಯಿತು. ಕ್ರೋಶಾದಲ್ಲಿ ಒಂದೇ ಕುಣಿಕೆ. ನಿಲ್ದಾಣ ಬಂತು ಅಂದರೆ ಆ ಕುಣಿಕೆಯನ್ನು ಉದ್ದಕ್ಕೆ ಎಳೆದು ಪಿನ್ನು ಚುಚ್ಚಿ ಬ್ಯಾಗಿಗೆ ಹಾಕಿದರೆ ಆಯಿತು.

ಅಮ್ಮನದು ಬೇರೆ ತಕರಾರು. ಮಗು ಹುಟ್ಟೋಕೆ ಮುಂಚೆ ಅದಕ್ಕೆ ಅಂತ ಏನೂ ಹೊಸದು ತರಬಾರದು, ಮೊದಲು ಸುತ್ತೋದು ಹಳೇ ಪಂಚೆ, ಹಳೇ ಹತ್ತಿ ಸೀರೆಯಲ್ಲೇ. ಹಳೇ ಬಟ್ಟೆ ಮೆತ್ತಗಿರುವ ಬಗ್ಗೆ ನನ್ನದೂ ಎರಡು ಮಾತಿಲ್ಲ; ನೂರು ಸಲ ಒಗೆದ ಪಂಚೆಯ ಮುಂದೆ ಯಾವ ಅಂಗಡಿ ನೂಲೂ ನಿಲ್ಲಲ್ಲ. ಕೊನೆಗೆ ಒಂದು ರಾಜಿ ಆಯಿತು: ಹೆಣೆ, ಆದರೆ ಹುಟ್ಟೋವರೆಗೂ ಮುಗಿಸಬೇಡ.

ನೂಲಿನ ವಿಚಾರ

ಇಲ್ಲೇ ತಲೆ ಹೆಚ್ಚು ಓಡಿಸಬೇಕಾಗಿ ಬಂದದ್ದು. ಮೈಸೂರಿನಲ್ಲಿ ಶಿವರಾಂಪೇಟೆ, ದೇವರಾಜ ಮಾರುಕಟ್ಟೆ ಸುತ್ತ ಸುತ್ತಿದರೆ ಉಲ್ಲನ್ ಅಂತ ಕೊಡುವುದು ಬಹುಪಾಲು ಅಕ್ರಿಲಿಕ್. ಮೆತ್ತಗಿದೆ, ಹಗುರ, ಬಣ್ಣ ಬೇಕಾದಷ್ಟು, ಬೆಲೆಯೂ ಕಡಿಮೆ. ಕಲಿಯುವವರಿಗೆ ಎಲ್ಲರೂ ಹೇಳುವುದು ಅದನ್ನೇ. ನಾನು ಬೇಡ ಅಂದದ್ದಕ್ಕೆ ಕಾರಣ ನಮ್ಮ ಮನೆಯ ಬಾಣಂತನ. ಮಗುವಿಗೆ ನೀರು ಹಾಕಿದ ಮೇಲೆ ಅಮ್ಮ ಅಗ್ಗಿಷ್ಟಿಕೆಯಲ್ಲಿ ಕೆಂಡ ಮಾಡಿ ಸಾಂಬ್ರಾಣಿ ಹಾಕದೆ ಬಿಡುವವರಲ್ಲ. ಹೊಗೆ ಎಳೆ ಮಗುವಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಅಂತ ಡಾಕ್ಟರು ಹೇಳುತ್ತಾರೆ, ನಾನೂ ಹೇಳಿದ್ದೇನೆ, ಆ ಜಗಳ ಇನ್ನೂ ನಡೆಯುತ್ತಿದೆ. ಅದೇನೇ ಇರಲಿ, ಕೆಂಡ ಇರುವ ಕೋಣೆಯಲ್ಲಿ ಅಕ್ರಿಲಿಕ್ ಬೇಡ. ಹತ್ತಿಗೂ ಬೆಂಕಿ ಹತ್ತುತ್ತೆ, ಸುಳ್ಳಲ್ಲ. ಆದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ.

ಚೀಟಿ ಇಲ್ಲದ ಉಂಡೆಗಳನ್ನು ಕಂಡುಹಿಡಿಯುವ ಉಪಾಯ ಸುಲಭ. ಬೆರಳುದ್ದ ಎಳೆಯನ್ನು ಚಿಮಟದಲ್ಲಿ ಹಿಡಿದು ಸ್ಟವ್ ಮೇಲೆ ತೋರಿಸಿದೆ. ಒಂದು ಎಳೆ ಉರಿಯಿಂದ ಹಿಂದೆ ಸರಿದ ಹಾಗೆ ಸುರುಟಿ, ತುದಿಯಲ್ಲಿ ಗಟ್ಟಿ ಕರೀ ಮಣಿಯಾಗಿ ನಿಂತಿತು: ಅಕ್ರಿಲಿಕ್. ಇನ್ನೊಂದು ಕಾಗದದ ವಾಸನೆ ಬಂದು ಉರಿದು, ಮುಟ್ಟಿದರೆ ಉದುರುವ ಬೂದಿ ಆಯಿತು: ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಅಸಲಿ ಉಣ್ಣೆ. ಅದು ಹೇಗೂ ಮಂಡ್ಯದ ಸೆಖೆಗೆ ಬೇಡ, ಎಳೆ ಚರ್ಮಕ್ಕೆ ಚುಚ್ಚುತ್ತೆ ಕೂಡ.

ತಗೊಂಡದ್ದು ಮಧ್ಯಮ ದಪ್ಪದ ಹತ್ತಿ ನೂಲು, 50 ಗ್ರಾಮಿನ 8 ಉಂಡೆ, 4 ಮಿಲಿಮೀಟರಿನ ಕಡ್ಡಿ. ಉಂಡೆಯ ಚೀಟಿಯ ಮೇಲೆ ಬಣ್ಣದ ನಂಬರಿನ ಪಕ್ಕ ಲಾಟ್ ನಂಬರ್ ಅಂತ ಇರುತ್ತೆ. ಎಂಟಕ್ಕೆ ಎಂಟೂ ಒಂದೇ ಲಾಟಿನದ್ದಾಗಿರಬೇಕು. ಬೇರೆ ಸಲ ಬಣ್ಣಕ್ಕೆ ಹಾಕಿದ ನೂಲು ಅಂಗಡಿಯ ಲೈಟಿನಲ್ಲಿ ಒಂದೇ ಥರ ಕಂಡರೂ ಬಿಸಿಲಿಗೆ ಬಂದ ಮೇಲೆ ಪಟ್ಟೆ ಹೊಡೆದಂತೆ ಕಾಣುತ್ತೆ. ಅಂಗಡಿಯವರು ಬೇಜಾರಿಲ್ಲದೆ ಮೇಲಿನ ಅಟ್ಟದಿಂದ ಹುಡುಕಿ ಕೊಟ್ಟರು.

ಬಣ್ಣ: ತಿಳಿ ಹಳದಿ. ಗಂಡೋ ಹೆಣ್ಣೋ ಮೊದಲೇ ತಿಳಿಯುವುದಕ್ಕೆ ನಮ್ಮಲ್ಲಿ 1994ರ ಕಾಯ್ದೆ ಬಿಡುವುದಿಲ್ಲ, ಹಾಗಾಗಿ ನೀಲಿ–ಗುಲಾಬಿ ಚರ್ಚೆಯೇ ಬರಲಿಲ್ಲ.

ತುಂಡು ಹಾಕಿ ನೋಡಿದ್ದು

ನೇರ ಹೊದಿಕೆಗೇ ಕೈ ಹಾಕೋಣ ಅಂತಿದ್ದೆ, ಅಕ್ಕ ಬಿಡಲಿಲ್ಲ. ಮೊದಲು 20 ಸ್ಟಿಚ್ಚಿನ ಒಂದು ತುಂಡು.

ನಾನು ಆರಿಸಿಕೊಂಡದ್ದು ಅಕ್ಕ ಅರ್ಧ ಕಂಬ ಅನ್ನುವ ಸ್ಟಿಚ್. ಕಡ್ಡಿಗೆ ನೂಲು ಒಂದು ಸುತ್ತು, ಕೆಳಗಿನ ಸಾಲಿನ ಸ್ಟಿಚ್ಚಿನೊಳಗೆ ಚುಚ್ಚಿ ನೂಲು ಎಳೆದುಕೊಂಡರೆ ಕಡ್ಡಿಯ ಮೇಲೆ ಮೂರು ಎಳೆ. ಮತ್ತೆ ನೂಲು ಸುತ್ತಿ ಮೂರರೊಳಗಿಂದಲೂ ಒಟ್ಟಿಗೆ ಎಳೆದರೆ ಮುಗಿಯಿತು. ಅಮೆರಿಕದವರು ಇದನ್ನು ಹಾಫ್ ಡಬಲ್ ಅಂತಾರೆ, ಇಂಗ್ಲೆಂಡಿನವರು ಹಾಫ್ ಟ್ರೆಬಲ್. ವಿಡಿಯೋ ಯಾವ ಕಡೆಯದು ಅಂತ ಮೊದಲೇ ನೋಡಿಕೊಳ್ಳದಿದ್ದರೆ ಸಾಲಿನ ಎತ್ತರವೇ ಬದಲಾಗುತ್ತೆ. ಇದಕ್ಕಿಂತ ಎತ್ತರದ ಸ್ಟಿಚ್ ಪೂರ್ತಿ ಕಂಬ; ಅದು ಬೇಗ ಬೆಳೆಯುತ್ತೆ, ಆದರೆ ನಡುವೆ ಕಿಂಡಿ. ಎಳೆ ಮಗುವಿನ ಬೆರಳು ಆ ಕಿಂಡಿಗೇ ಹುಡುಕಿಕೊಂಡು ಹೋಗುತ್ತೆ. ಅರ್ಧ ಕಂಬ ಒತ್ತಾಗಿ ಕೂರುತ್ತೆ, ತೀರಾ ಬಿರುಸೂ ಆಗಲ್ಲ.

"ಹಂಗೆ ಗಟ್ಟಿ ಎಳೀಬ್ಯಾಡ ಕಣಪ್ಪ, ಸಡ್ಲ ಬುಡು. ಇದೇನ್ ಹಸ ಕಟ್ಟಾಕೋ ಹಗ್ಗನಾ?"

ನೂಲನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ ತೋರುಬೆರಳ ಮೇಲೆ ಹಾಯಿಸಿಕೊಂಡರೆ ಬಿಗಿ ತಾನಾಗಿ ಹದಕ್ಕೆ ಬರುತ್ತೆ ಅಂತ ಅವರೇ ತೋರಿಸಿದರು. ಅವರು ಹಿಡಿಯುವ ಕಡ್ಡಿ ಸೂಜಿಯಷ್ಟೇ ಸಣ್ಣ, ದಾರ ರೇಷ್ಮೆ. ನನ್ನ ಕಡ್ಡಿ ನೋಡಿ "ಇದೇನ್ ದೊಣ್ಣೆ" ಅಂದರು.

20 ಸ್ಟಿಚ್ಚಿಗೆ ಹನ್ನೆರಡೂವರೆ ಸೆಂಟಿಮೀಟರ್ ಬಂತು. ಬಿಸಿನೀರಿನಲ್ಲಿ ಒಗೆದು ಒಣಗಿಸಿದ ಮೇಲೆ 12. ಹತ್ತಿ ಕುಗ್ಗುತ್ತೆ ಅನ್ನುವುದಕ್ಕೆ ಅಳತೆಯೇ ಸಿಕ್ಕಿತು. ಹೀಗೆ ಲೆಕ್ಕ ಹಾಕಿ 120 ಸ್ಟಿಚ್ ಅಗಲ, 90 ಸಾಲು ಉದ್ದ ಅಂತ ತೀರ್ಮಾನ: ಒಗೆಯುವ ಮುಂಚೆ 75 ಸೆಂಟಿಮೀಟರ್ ಚೌಕ. ನೋಡಿದವರೆಲ್ಲ ಇನ್ನೂ ದೊಡ್ಡದು ಮಾಡು ಅಂದರು. ಹತ್ತಿ ತೂಕದ ನೂಲು. ದೊಡ್ಡದಾದರೆ ಮಗುವಿನ ಮೇಲೆ ಭಾರ, ಒದ್ದೆಯಾದರೆ ಒಣಗುವುದೂ ನಿಧಾನ. ಮಡಿಲಲ್ಲಿ ಮಲಗಿಸಿಕೊಂಡಾಗ ಹೊದಿಸುವುದಕ್ಕೆ ಚೌಕ ಸಾಕು.

ಅಕ್ಟೋಬರ್, ರೈಲಿನಲ್ಲಿ

ಬುಡದ ಚೈನು, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆದು ಮಾಡುವ ಸರಪಳಿ, 122: ಲೆಕ್ಕದ 120, ಮೇಲೆ ಏರುವುದಕ್ಕೆ 2. ಮೊದಲ ಅರ್ಧ ಕಂಬ ಕಡ್ಡಿಯಿಂದ ಮೂರನೇ ಚೈನಿಗೆ. ಚೈನಿಗೆ ಮಾತ್ರ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಕಡ್ಡಿ ಹಿಡಿದೆ. ಬುಡ ಬಿಗಿಯಾದರೆ ಹೊದಿಕೆ ಕೆಳಗೆ ಕಿರಿದಾಗಿ ಮೇಲೆ ಬಿಚ್ಚಿಕೊಳ್ಳುತ್ತೆ. ಪ್ರತಿ 20ಕ್ಕೆ ಒಂದು ಪಿನ್ನು. ರೈಲಿನಲ್ಲಿ ಲೆಕ್ಕ ತಪ್ಪಿಸುವವರು ಒಬ್ಬರಾ ಇಬ್ಬರಾ? ಟಿಕೆಟ್ ನೋಡುವವರು, ಕಡ್ಲೆಕಾಯಿ ಮಾರುವವರು, "ಏನ್ ಸಾರ್ ಇದು" ಅನ್ನುವವರು. ಪಿನ್ನಿದ್ದರೆ ಹಿಂದಿನ ಇಪ್ಪತ್ತರಿಂದ ಎಣಿಸಿದರೆ ಸಾಕು.

ಶುರುವಿನಲ್ಲಿ ಮಂಡ್ಯ ಬಿಟ್ಟರೆ ಒಂದು ಸಾಲು ಮುಗಿಯುವ ಹೊತ್ತಿಗೆ ಶ್ರೀರಂಗಪಟ್ಟಣ. ಕಾವೇರಿಯ ಒಂದು ಕವಲು ದಾಟಿ ಇನ್ನೊಂದು ಕವಲು ಬರುವಷ್ಟರಲ್ಲಿ ಹೊದಿಕೆ ತಿರುಗಿಸಿ ಮುಂದಿನ ಸಾಲು. ಕೈ ಪಳಗುತ್ತಾ ಅದೇ ಸಾಲು ಪಾಂಡವಪುರಕ್ಕೇ ಮುಗಿಯತೊಡಗಿತು. ಎದುರು ಸೀಟಿನಲ್ಲಿ ಹೂ ಕಟ್ಟುವ ಹೆಂಗಸೊಬ್ಬರು ಕೂರುತ್ತಿದ್ದರು. ಅವರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾ ಮಾತಾಡುವುದು ಎಲ್ಲರ ಜೊತೆ, ನೋಡುವುದು ಕಿಟಕಿ ಆಚೆ. ಕೈ ಮಾತ್ರ ನಿಂತದ್ದೇ ಇಲ್ಲ. ನನಗೆ ಆ ಹಂತ ಇನ್ನೂ ದೂರ.

ದಸರಾ ವಾರದಲ್ಲಿ ಮೊಣಕೈ ಆಡಿಸಲೂ ಜಾಗ ಇರಲಿಲ್ಲ, ನಿಂತೇ ಪ್ರಯಾಣ. ಹೊದಿಕೆ ಒಂದಿಂಚೂ ಬೆಳೆಯಲಿಲ್ಲ.

ಅಂಚಿನ ಬಗ್ಗೆ ಬರೆಯಲೇಬೇಕು. ಸಾದಾ ಹೊದಿಕೆಯಲ್ಲಿ ಕಷ್ಟ ಇರುವುದೇ ಅಲ್ಲಿ. ನಡುವಿನದೆಲ್ಲ ಕೈ ತಾನೇ ಮಾಡುತ್ತೆ. ಸಾಲು ತಿರುಗಿಸಿದಾಗ ಮೇಲೇರಲು ಹಾಕುವ ಚೈನನ್ನು ಸ್ಟಿಚ್ ಅಂತ ಎಣಿಸುವುದು ಒಂದು ಪದ್ಧತಿ, ಎಣಿಸದಿರುವುದು ಇನ್ನೊಂದು. ಎಣಿಸಿದರೆ ಮೊದಲ ಸ್ಟಿಚ್ ಬಿಟ್ಟು ಎರಡನೆಯದಕ್ಕೆ ಚುಚ್ಚಬೇಕು, ಸಾಲಿನ ಕೊನೆಯಲ್ಲಿ ಆ ಚೈನಿನ ತಲೆಗೂ ಒಂದು ಹಾಕಬೇಕು. ಆ ಕೊನೆಯದನ್ನು ಬಿಟ್ಟವರ ಹೊದಿಕೆ ಸಾಲಿಗೊಂದು ಸ್ಟಿಚ್ ಕಳೆದುಕೊಂಡು ಗೋಪುರ ಆಗುತ್ತೆ. ನಾನು ಎಣಿಸದ ಪದ್ಧತಿ ಹಿಡಿದೆ: ತಿರುಗಿಸು, ಒಂದು ಚೈನು, ಮೊಟ್ಟಮೊದಲ ಸ್ಟಿಚ್ಚಿಗೇ ಚುಚ್ಚು, ಕೊನೆಯ ಸ್ಟಿಚ್ಚಿಗೆ ನಿಲ್ಲಿಸು. ಎರಡೂ ತುದಿಯ ಸ್ಟಿಚ್ಚಿಗೆ ಹಾಕಿದ ಕೂಡಲೇ ಬಣ್ಣದ ಪಿನ್ನು. ಮುಂದಿನ ಸಾಲು ಬಂದಾಗ ಎಲ್ಲಿಗೆ ಚುಚ್ಚಬೇಕು ಅಂತ ತಡಕಾಡುವ ಹಾಗೇ ಇಲ್ಲ. ಅಂಚು ಸ್ಕೇಲು ಇಟ್ಟ ಹಾಗೆ ಬರದಿದ್ದರೂ ಎಣಿಕೆ ಮಾತ್ರ 120 ಬಿಟ್ಟು ಕದಲಿಲ್ಲ.

ನವೆಂಬರ್

ಹೊಸ ಉಂಡೆ ಸೇರಿಸುವುದು ಸಾಲಿನ ತುದಿಯಲ್ಲೇ. ಗಂಟು ಹಾಕಲಿಲ್ಲ, ಎರಡೂ ಕಡೆ 15 ಸೆಂಟಿಮೀಟರ್ ಎಳೆ ಬಿಟ್ಟು ಕೊನೆಗೆ ದಪ್ಪ ಸೂಜಿಯಲ್ಲಿ ಒಂದು ಕಡೆ, ವಾಪಸ್ಸು, ಮತ್ತೆ ಒಂದು ಕಡೆ ಹಾಯಿಸಿದೆ. ಹತ್ತಿ ಜಾರುತ್ತೆ, ಉಣ್ಣೆಯಂತೆ ಒಂದನ್ನೊಂದು ಹಿಡಿದುಕೊಳ್ಳಲ್ಲ. ಇದು ಬರೀ ಅಂದದ ಮಾತಲ್ಲ. ಸಡಿಲ ಎಳೆಯೊಂದು ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿದರೆ ಅಲ್ಲಿಗೆ ರಕ್ತ ಹೋಗುವುದೇ ನಿಲ್ಲಬಹುದು.

ಅದೇ ಕಾರಣಕ್ಕೆ ಅಕ್ಕನ ಜೊತೆ ಒಂದು ಸಣ್ಣ ವಾದ. ನಾಲ್ಕು ಮೂಲೆಗೆ ಮಣಿ ಕುಚ್ಚು ಹಾಕಿಕೊಡುತ್ತೇನೆ, ಕಾಸು ಬೇಡ ಅಂದರು. ಅವರ ಕೆಲಸ ಚೆಂದ, ಎರಡು ಮಾತಿಲ್ಲ. ಆದರೆ ಮಗುವಿನ ಕೈಗೆ ಸಿಕ್ಕಿದ್ದು ಹೋಗುವುದು ಬಾಯಿಗೆ. ಮಣಿಯೂ ಬೇಡ, ಕುಚ್ಚೂ ಬೇಡ ಅಂದೆ. "ಬೋಳು ಬೋಳು ಕಾಣ್ತದಪ್ಪ" ಅಂತ ಬೇಜಾರು ಮಾಡಿಕೊಂಡರು. ನಾಮಕರಣಕ್ಕೆ ತಂಗಿ ಉಡುವ ಸೀರೆ ಅವರ ಕೈಗೆ ಕೊಟ್ಟ ಮೇಲೆ ಸಮಾಧಾನ ಆಯಿತು.

84ನೇ ಸಾಲಿಗೆ ನಿಲ್ಲಿಸಿದೆ. ಆರು ಸಾಲು ಮತ್ತು ಸುತ್ತಲಿನ ಅಂಚು ಬಾಕಿ. ಅಮ್ಮನಿಗೆ ತೋರಿಸಿ, ಮುಗಿದಿಲ್ಲ ನೋಡು ಅಂತ ಹೇಳಿ ಬೀರುವಿನಲ್ಲಿಟ್ಟೆ.

ಡಿಸೆಂಬರ್

ಹೆಣ್ಣು ಮಗು. ಎಲ್ಲ ಸುಸೂತ್ರ.

ಉಳಿದ ಸಾಲು ಮುಗಿಸಿ ಅಂಚಿಗೆ ಬಂದೆ. ಸುತ್ತಲೂ ಕುಳ್ಳ ಸ್ಟಿಚ್, ಅಂದರೆ ನೂಲು ಸುತ್ತಿಕೊಳ್ಳದೆ ಹಾಕುವುದು. ಮೂಲೆಯಲ್ಲಿ ಒಂದೇ ಜಾಗಕ್ಕೆ ಮೂರು, ಆಗ ಮೂಲೆ ಮಡಿಸಿಕೊಳ್ಳದೆ ತಿರುಗುತ್ತೆ. ಮೇಲೆ ಕೆಳಗೆ ಸ್ಟಿಚ್ಚಿಗೊಂದು, ಸುಲಭ. ಪಕ್ಕದ ಅಂಚೇ ಲೆಕ್ಕ ಕೇಳುವುದು. ಅರ್ಧ ಕಂಬದ 2 ಸಾಲಿಗೆ 3 ಹಾಕಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನ್ನ 90 ಸಾಲಿಗೆ ಅದು 135 ಆಗುತ್ತೆ, ಅಷ್ಟೇ ಉದ್ದದ ಮೇಲಂಚಿನಲ್ಲಿ ಇರುವುದು 120. ಹದಿನೈದು ಹೆಚ್ಚಾದರೆ ಪಕ್ಕ ಲಂಗದ ನೆರಿಗೆಯಂತೆ ಏಳುತ್ತೆ. 3 ಸಾಲಿಗೆ 4 ಹಾಕಿದರೆ ಸರಿಯಾಗಿ 120. ಹಾಕಿದೆ, ನೆಲದ ಮೇಲೆ ಹಾಸಿದರೆ ಚಪ್ಪಟೆಯಾಗಿ ಕೂತಿತು. ಈ ಅಳತೆ ಒಬ್ಬೊಬ್ಬರ ಕೈಗೆ ಒಂದೊಂದು, ಅವರವರ ತುಂಡಿನಲ್ಲೇ ಎಣಿಸಿಕೊಳ್ಳಬೇಕು.

ಒಗೆದ ಮೇಲೆ ತಂತಿಗೆ ನೇತು ಹಾಕಲಿಲ್ಲ. ಹಸಿ ಹತ್ತಿ ತನ್ನ ಭಾರಕ್ಕೆ ತಾನೇ ಉದ್ದ ಇಳಿಯುತ್ತೆ. ತಾರಸಿಯ ನೆರಳಲ್ಲಿ ಚಾಪೆ ಮೇಲೆ ಹಳೇ ಪಂಚೆ ಹಾಸಿ, ಮೂಲೆ ಎಳೆದು ಸರಿಮಾಡಿ ಒಣಗಿಸಿದೆ. ಅಂಚೂ ಸೇರಿ 75ರ ಹತ್ತಿರವೇ ಉಳಿಯಿತು. ಮುಟ್ಟಿದರೆ ಮುಂಚಿಗಿಂತ ಮೆತ್ತಗೆ.

ಮಕ್ಕಳ ಡಾಕ್ಟರು ಹೇಳಿದ್ದು: ವರ್ಷ ತುಂಬುವವರೆಗೆ ಮಲಗಿದ ಮಗುವಿನ ಹತ್ತಿರ ಸಡಿಲ ಹೊದಿಕೆ ಯಾವುದೂ ಬೇಡ, ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತೆ. ಹಾಗಾಗಿ ಇದು ತೊಟ್ಟಿಲಿಗಲ್ಲ. ಬೆಳಗಿನ ಚಳಿಯಲ್ಲಿ ತೊಡೆ ಮೇಲೆ ಹಾಕಿಕೊಂಡು ಕೂತಾಗ, ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ. ಅಮ್ಮ ಇದನ್ನು ಪೂರ್ತಿ ಒಪ್ಪಿದ್ದಾರೆ ಅಂತ ಹೇಳಲಾರೆ, ಆದರೆ ರಾತ್ರಿ ತೊಟ್ಟಿಲಿನಿಂದ ತೆಗೆದಿಡುತ್ತಾರೆ.

ಮಾರ್ಚ್

ತಂಗಿ ಹುಣಸೂರಿಗೆ, ಗಂಡನ ಮನೆಗೆ ಹೋದಳು. ಮೊನ್ನೆ ಫೋನು: "ಅಣ್ಣಾ, ಇನ್ನೊಂದು ಹಾಕ್ಕೊಡೋ. ಇದನ್ನ ಒಗೆಯೋಕೆ ಹಾಕಿದ ದಿನ ಏನು ಮಾಡ್ಲಿ?"

ಉಳಿದಿರುವುದು ಅದೇ ಹಳದಿಯ ಒಂದು ಉಂಡೆ, ಚಿಲ್ಲರೆ. ಅಂಗಡಿಯಲ್ಲಿ ಕೇಳಿದೆ, ಆ ಲಾಟ್ ಮುಗಿದಿದೆಯಂತೆ. ಈ ಸಲ ಬಿಳಿ, ನಡುನಡುವೆ ಹಳದಿ ಪಟ್ಟೆ. ಬುಡದ ಚೈನು ಹಾಕಿ ಆಗಿದೆ.