ಭಾನುವಾರದ ಮಾತ್ರೆ

ಮೊಣಕೈ ಮೇಲೆ ಮೀನಿನ ಹುರುಪೆಯ ಹಾಗೆ ಉದುರುತ್ತಿದ್ದ ಬಿಳಿ ಹೊಟ್ಟು ಈ ವಾರ ಇಲ್ಲ. ತಿಳಿಗೆಂಪು ಚರ್ಮ ಮಾತ್ರ ಕಾಣುತ್ತಿದೆ. ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತೇನೆ.

ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ನಾನು. ಸೋರಿಯಾಸಿಸ್ ಅನ್ನುವ ಈ ಚರ್ಮದ ಕಾಯಿಲೆ ಬಂದು 9 ವರ್ಷ. ಮಳೆಗಾಲದ ಚಳಿಗೆ ಸಂಜೆ 2 ಪೆಗ್, ದಿನಕ್ಕೆ 10 ಸಿಗರೇಟು ನಡೆಯುತ್ತಿತ್ತು. ನಮ್ಮ ಕಡೆ ಇದು ಯಾರಿಗೂ ಜಾಸ್ತಿ ಅನ್ನಿಸುವುದಿಲ್ಲ.

ಮಡಿಕೇರಿಯಲ್ಲಿ ಚರ್ಮದ ಡಾಕ್ಟರು ಮೆಥೊಟ್ರೆಕ್ಸೇಟ್ ಅನ್ನುವ ಮಾತ್ರೆ ಬರೆದುಕೊಟ್ಟರು. ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ ಅಂತ ಮೂರು ಸಲ ಹೇಳಿದರು. ಈ ಮಾತ್ರೆ ಲಿವರ್‌ಗೆ ತೊಂದರೆ ಕೊಡಬಹುದು, ಕುಡಿತ ಸೇರಿದರೆ ಅಪಾಯ ಇನ್ನೂ ಹೆಚ್ಚು. "ಕುಡೀತೀರಾ?" ಅಂದರು. ಇಲ್ಲ ಅಂದುಬಿಟ್ಟೆ. ಎರಡನೇ ತಿಂಗಳ ರಕ್ತಪರೀಕ್ಷೆಯಲ್ಲಿ ಲಿವರ್ ಎನ್‌ಜೈಮ್ ಏರಿತ್ತು. ಮಾತ್ರೆ ನಿಂತಿತು. ವಾಸಿಯಾಗುತ್ತಿದ್ದ ಕಾಲು ಮತ್ತೆ ಕೆಂಪಾಗಿ ಬಿರಿಯಿತು. ಆ ಒಂದು ಸುಳ್ಳು ಇವತ್ತಿಗೂ ಚುಚ್ಚುತ್ತದೆ.

ಸಿಗರೇಟೂ ಸುಮ್ನೆ ಇರುವುದಿಲ್ಲ. ಸೇದುವವರಲ್ಲಿ ಈ ಕಾಯಿಲೆ ಹೆಚ್ಚು, ಕೆಲವು ಔಷಧಿಗಳು ಅಷ್ಟಾಗಿ ಹಿಡಿಯುವುದೂ ಇಲ್ಲ. ಎರಡನ್ನೂ ಬಿಡಲು ಹೊರಟೆ; ಸಿಗರೇಟು ಬಿಡುವುದು ಕುಡಿತ ಬಿಡುವುದಕ್ಕಿಂತ ಕಷ್ಟವಾಯಿತು. ಜೇಬಲ್ಲಿ ಏಲಕ್ಕಿ ಇಟ್ಟುಕೊಂಡೆ.

ನಮ್ಮ ಸುಗ್ಗಿಹಬ್ಬ ಹುತ್ತರಿಯ ರಾತ್ರಿ ಗದ್ದೆಯಿಂದ ಭತ್ತದ ಕದಿರು ತೆಗೆದು ಬಂದ ಮೇಲೆ ಹೆಂಡತಿಯ ಅಣ್ಣ ಗ್ಲಾಸು ಚಾಚಿದರು. "ಇವತ್ತು ಬೇಡ ಅನ್ನಬಾರದು ಭಾವ." ನಾನು ಬಾಯಿ ತೆರೆಯುವ ಮೊದಲೇ ಇವಳು, "ಅಣ್ಣಾ, ಅವರಿಗೆ ಬೆಲ್ಲದ ಕಾಫಿ ಮಾಡಿದ್ದೀನಿ" ಅಂದಳು. ಅವಳ ಅಣ್ಣ ಗ್ಲಾಸು ಕೆಳಗಿಟ್ಟು ನನ್ನ ತೋಳು ಸವರಿದರು. ಅಂಟುವ ರೋಗವಲ್ಲ ಅಂತ ಅವರಿಗೆ ಗೊತ್ತು.

ರಿಪೋರ್ಟ್ ಸರಿಹೋದ ಮೇಲೆ ಡಾಕ್ಟರು ಮಾತ್ರೆ ಮತ್ತೆ ಶುರು ಮಾಡಿಸಿದ್ದಾರೆ. ಭಾನುವಾರ ಅದು, ಸೋಮವಾರ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಮಾತ್ರೆ. ಮುಂದಿನ ರಕ್ತಪರೀಕ್ಷೆ ಬರುವ ತಿಂಗಳು.